ಮಗು ಬೇಕೋ ಬೇಡವೋ ಎಂದು ಕೇಳಿದವಳಿಗೆ

ಹಗರೆ
ಶ್ರಾವಣ ಮಾಸ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಆಲೂಗೆಡ್ಡೆ ಕೀಳುವ ಕಾಲ, ಆಳು ಸಿಗುವುದೇ ಕಷ್ಟವಾಗಿದೆ.

ಫೋನಿನಲ್ಲಿ ನೀನು ಕೇಳಿದ ಮಾತು ನನ್ನನ್ನು ಬಿಟ್ಟಿಲ್ಲ. ಮನೆ ಸಾಲದ ಕಂತು, ನರ್ಸರಿಯ ಡೊನೇಷನ್, ಆಸ್ಪತ್ರೆಯ ಬಿಲ್ಲು ಎಲ್ಲ ಕೂಡಿಸಿದರೆ ಮಗುವೇ ಬೇಡವೆನ್ನಿಸುತ್ತದೆ, ಇದು ಸ್ವಾರ್ಥವೇ ದೊಡ್ಡಮ್ಮ ಎಂದೆ. ಸ್ವಾರ್ಥವಲ್ಲ ಮಗಳೇ. ಹಾಗೆಂದು ನಿನಗೆ ಹೇಳಿದವರಿಗೆ ಹಳೆಯ ಲೆಕ್ಕ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಮರೆತಿದ್ದಾರೆ.

ಹೀಗೆ ಯೋಚಿಸುತ್ತಿರುವುದು ನೀನೊಬ್ಬಳೇ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ ಕರ್ನಾಟಕದ ಹೆಣ್ಣಿಗೆ ಸರಾಸರಿ ಸುಮಾರು 2.9 ಮಕ್ಕಳು, 2019–21ರ ಹೊತ್ತಿಗೆ 1.7. ತಂದೆತಾಯಿಯ ಜಾಗವನ್ನು ಮುಂದಿನ ತಲೆಮಾರು ತುಂಬಲು 2.1 ಬೇಕು. ನಮ್ಮ ಹಾಸನ ಜಿಲ್ಲೆಯನ್ನೇ ನೋಡು. 2001ರಿಂದ 2011ರವರೆಗೆ ಇಡೀ ಜಿಲ್ಲೆಗೆ ಸೇರಿದ್ದು ಸುಮಾರು 55,000 ಜನ, ನೂರಕ್ಕೆ ಮೂರು. ಪಕ್ಕದ ಚಿಕ್ಕಮಗಳೂರಿನಲ್ಲಿ ಜನಸಂಖ್ಯೆ ಇಳಿದೇ ಹೋಯಿತು. ಊರು ಬಿಟ್ಟು ಬೆಂಗಳೂರು ಸೇರಿದವರೂ ಈ ಲೆಕ್ಕದಲ್ಲಿದ್ದಾರೆ, ನಿನ್ನ ಹಾಗೆ. ಕಡಿಮೆ ಹೆರುವ ಯೋಚನೆಯೂ ನಮ್ಮ ಸೀಮೆಗೆ ನಿನ್ನೆ ಮೊನ್ನೆಯದಲ್ಲ. 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಜಗತ್ತಿನ ಹೆಚ್ಚಿನ ಸರ್ಕಾರಗಳು ಆ ಮಾತೆತ್ತಲೂ ನಾಚುತ್ತಿದ್ದ ಕಾಲ ಅದು.

"ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ" ಎಂದು ನಿನ್ನ ಅತ್ತೆಯವರು ಅಂದರಂತೆ. ನಮ್ಮಮ್ಮ ಹೆತ್ತದ್ದು ಎಂಟು, ಉಳಿದದ್ದು ಆರು. ಆ ಆರರಲ್ಲಿ ನಮ್ಮೆಲ್ಲರಿಗೂ ಉಣಿಸಿದವಳು ನಮ್ಮಕ್ಕ, ನಿನ್ನ ಹಿರಿಯ ದೊಡ್ಡಮ್ಮ. ಮೂರನೇ ಕ್ಲಾಸಿಗೇ ಅವಳ ಸ್ಲೇಟು ಅಟ್ಟ ಸೇರಿತು. ಅಮ್ಮ ಹೊಲಕ್ಕೆ ಹೋದರೆ ಕಂಕುಳಲ್ಲಿ ನಿನ್ನಮ್ಮ, ಕೈಯಲ್ಲಿ ತಮ್ಮ, ಒಲೆಯ ಮೇಲೆ ಮುದ್ದೆಯ ಎಸರು. ತನಗೇ ಇನ್ನೂ ಲಂಗ ಕಟ್ಟಿಕೊಳ್ಳಲು ಬಾರದ ವಯಸ್ಸು. ನಾನು ಟಿ.ಸಿ.ಎಚ್. ಮುಗಿಸಿ ಮೇಷ್ಟ್ರಮ್ಮ ಆದೆ, ನಿನ್ನಮ್ಮ ಬ್ಯಾಂಕು ಸೇರಿದಳು. ಅಕ್ಕ ಇವತ್ತಿಗೂ ಬಸ್ಸಿನ ಬೋರ್ಡನ್ನು ಪಕ್ಕದವರಿಂದ ಓದಿಸಿಕೊಳ್ಳುತ್ತಾಳೆ. ನಮ್ಮ ಕಾಲದಲ್ಲಿ ಮಕ್ಕಳು ಖರ್ಚಿಲ್ಲದೆ ಬೆಳೆದವು ಎಂದು ಯಾರಾದರೂ ಅಂದಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ. ಖರ್ಚು ಇತ್ತು ಪುಟ್ಟಿ. ಒಂದು ಹೆಣ್ಣುಮಗುವಿನ ಓದಿನಲ್ಲಿ ಅದನ್ನು ಮುರಿದುಕೊಂಡೆವು.

ಇನ್ನೊಂದು ಮಾತೂ ಇದೆ. ಆಗ ಮಗು ಸ್ವಲ್ಪ ದೊಡ್ಡದಾಯಿತೆಂದರೆ ದುಡಿಮೆಗೆ ಒಂದು ಕೈ ಬಂದ ಹಾಗೆ. ನಾನು ಪಾಠ ಮಾಡುತ್ತಿದ್ದ ಶಾಲೆಗಳಲ್ಲಿ ಆಲೂಗೆಡ್ಡೆ ಕೀಳುವ ವಾರಗಳಲ್ಲಿ ಹಾಜರಿ ಪುಸ್ತಕ ಅರ್ಧ ಖಾಲಿ ಇರುತ್ತಿತ್ತು. ಆಸ್ಟ್ರೇಲಿಯಾದ ಜನಸಂಖ್ಯಾ ತಜ್ಞ ಜಾನ್ ಕಾಲ್ಡ್‌ವೆಲ್, ಬೆಂಗಳೂರಿನ ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಜನರ ಜೊತೆ ಕೂತು ಮಾತಾಡಿ 1988ರಲ್ಲಿ ಒಂದು ಪುಸ್ತಕ ತಂದರು. ಅವರು ಕಂಡಂತೆ, ಮಕ್ಕಳನ್ನು ಶಾಲೆಗೆ ಕಳಿಸತೊಡಗಿದ ಮೇಲೆ ತಂದೆತಾಯಿಗಳ ಲೆಕ್ಕವೇ ಬದಲಾಗಿತ್ತು. ಮಗು ದುಡಿದು ತರುವುದು ನಿಂತಿತು, ಮಗುವಿಗಾಗಿ ದುಡಿಯುವುದು ಶುರುವಾಯಿತು. ಹಾಜರಿ ಪುಸ್ತಕದಲ್ಲಿ ಅದನ್ನು ನಾನೂ ಕಂಡಿದ್ದೇನೆ. ಹಾಗೆ ಬದಲಾದದ್ದು ಒಳ್ಳೆಯದೇ. ಮಕ್ಕಳು ಕಡಿಮೆಯಾದದ್ದಕ್ಕೆ ಅಳುವವರು ಆ ಮಕ್ಕಳು ಹೊಲ ಬಿಟ್ಟು ಬೆಂಚಿನ ಮೇಲೆ ಕೂತದ್ದನ್ನೂ ನೋಡಬೇಕು.

ಈಗ ನಿನ್ನ ಖರ್ಚಿನ ಪಟ್ಟಿಗೆ ಬರುತ್ತೇನೆ. ಅದರಲ್ಲಿ ಅರ್ಧವನ್ನು ನಾನು ಒಪ್ಪುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ಎರಡೂವರೆ ವರ್ಷದ ಕೂಸಿಗೆ ಇಂಟರ್‌ವ್ಯೂ, ಐದನೇ ವರ್ಷಕ್ಕೆ ಕೋಡಿಂಗ್ ಕ್ಲಾಸು, ಹುಟ್ಟುಹಬ್ಬಕ್ಕೆ ಹಾಲ್ ಬಾಡಿಗೆ. ಇದು ಮಗುವಿನ ಹಸಿವಲ್ಲ, ದೊಡ್ಡವರ ಪೈಪೋಟಿ. ಇಲ್ಲೂ ಬೆಳಗಾದರೆ ಹಾಸನ, ಬೇಲೂರಿನ ಖಾಸಗಿ ಶಾಲೆಗಳ ಹಳದಿ ವ್ಯಾನುಗಳು ಊರೂರಿಗೆ ಬರುತ್ತವೆ. ಕೂಲಿ ಮಾಡುವವರೂ ಸಾಲ ಮಾಡಿ ಫೀಸು ಕಟ್ಟುತ್ತಾರೆ. ನಾನು ಜೀವಮಾನವೆಲ್ಲ ಸರ್ಕಾರಿ ಶಾಲೆಯಲ್ಲಿ ಕಲಿಸಿದವಳು, ಅಲ್ಲಿ ಒಳ್ಳೆಯ ಪಾಠ ಆಗುತ್ತದೆಂದು ಗೊತ್ತು. ಆಗದ ಕಡೆ ಜಗಳ ಆಡಿ ಆಗಿಸಬೇಕು. ಓದು ಬಲ್ಲವರ ಮಕ್ಕಳೆಲ್ಲ ವ್ಯಾನು ಹತ್ತಿದರೆ ಆ ಜಗಳ ಆಡುವವರು ಯಾರು?

ಉಳಿದರ್ಧ ನಿಜವಾದ ಭಾರ. ಅದು ಬೀಳುವುದು ಮೊದಲ ಮೂರು ವರ್ಷದಲ್ಲಿ, ಅದೂ ತಾಯಿಯ ಮೇಲೆ. 2017ರ ತಿದ್ದುಪಡಿಯಿಂದ 26 ವಾರದ ಹೆರಿಗೆ ರಜೆ ಬಂತು. ಐವತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದೂ ಅದೇ ತಿದ್ದುಪಡಿ ಹೇಳಿತು. ನಿಮ್ಮ ಆಫೀಸಿನಲ್ಲಿ ಇದೆಯೋ ಇಲ್ಲವೋ ಕೇಳು. ಕೇಳಲು ಸಂಕೋಚ ಬೇಡ, ಅದು ನಿನ್ನ ಹಕ್ಕು. ಖಾಸಗಿ ಕೆಲಸದಲ್ಲಿರುವ ಅಪ್ಪನಿಗೆ ಮಾತ್ರ ಒಂದು ದಿನ ರಜೆ ಕೊಡಬೇಕೆಂಬ ಕಾನೂನೂ ಇಲ್ಲ. ನನಗೆ ಬಹಳ ಸಂಕಟವಾಗುವುದು ಇಲ್ಲೇ. ಮಗು ಇಬ್ಬರದು, ಕೆಲಸ ಬಿಡುವವಳು ಒಬ್ಬಳು. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಕಂದಮ್ಮಗಳಿಗೆ ಸರ್ಕಾರ 'ಕೂಸಿನ ಮನೆ' ತೆರೆದಿದೆ. ಅದಿದ್ದಿದ್ದರೆ ನಮ್ಮಕ್ಕನೂ ನಾಲ್ಕನೇ ಕ್ಲಾಸಿಗೆ ಹೋಗುತ್ತಿದ್ದಳು. ಅಂಥದು ನಿಮ್ಮ ಲೇಔಟಿಗೂ ಬೇಕು.

ಬರೀ ದುಡ್ಡು ಕೊಟ್ಟರೆ ಆಗುವುದಿಲ್ಲ ಎಂಬುದಕ್ಕೆ ದಕ್ಷಿಣ ಕೊರಿಯಾ ಇದೆ. ವರ್ಷಗಟ್ಟಲೆ ಹಣ ಸುರಿದರೂ 2023ರಲ್ಲಿ ಅಲ್ಲಿ ಒಂದು ಹೆಣ್ಣಿಗೆ ಮಕ್ಕಳ ಸರಾಸರಿ 0.72ಕ್ಕೆ ಬಂತು. ನಮ್ಮ ಪಕ್ಕದ ಆಂಧ್ರದ ಮುಖ್ಯಮಂತ್ರಿಗಳು 2024ರಲ್ಲಿ ಹೆಚ್ಚು ಮಕ್ಕಳನ್ನು ಹೆರಿ ಎಂದರು. ನಾನು ಹುಡುಗಿಯಾಗಿದ್ದಾಗ ಗೋಡೆಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಎರಡೇ ಸಾಕು ಎಂಬ ಬರಹ. ಆಗಲೂ ಈಗಲೂ ಹೆರುವವಳನ್ನು ಯಾರೂ ಕೇಳಲಿಲ್ಲ. ಲೋಕಸಭೆಯ ಸೀಟಿನ ಲೆಕ್ಕಕ್ಕೆ, ಜಾತಿಯ ಲೆಕ್ಕಕ್ಕೆ, ವಂಶದ ಹೆಸರಿಗೆ ನೀನು ಹೆರಬೇಡ. ಮುಪ್ಪಿನಲ್ಲಿ ನೋಡಿಕೊಳ್ಳಲು ಬೇಕಲ್ಲ ಎಂದೂ ಹೆರಬೇಡ; ಅಷ್ಟು ದೊಡ್ಡ ಕೆಲಸವನ್ನು ಹುಟ್ಟುವ ಮೊದಲೇ ಕೂಸಿನ ತಲೆಗೆ ಕಟ್ಟುವುದು ಸರಿಯಲ್ಲ.

ಆದರೆ ಫೋನಿನಲ್ಲಿ ನೀನು ಬೇಡ ಎಂದ ದನಿಯಲ್ಲಿ ನನಗೆ ಬೇಡ ಕೇಳಿಸಲಿಲ್ಲ, ಹೆದರಿಕೆ ಕೇಳಿಸಿತು. ನಿಜವಾಗಿ ಬೇಡವಾಗಿದ್ದರೆ ಬೇಡ, ನೀನು ನಮಗೆ ಇಷ್ಟೇ ಮುದ್ದಿನ ಮಗಳು. ಬೇಕಿದ್ದು ಹೆದರಿಕೆಯಿಂದ ಬೇಡವೆನ್ನುತ್ತಿದ್ದರೆ, ಬಾಣಂತನ ಹಗರೆಯಲ್ಲೇ ಆಗಲಿ, ನಾನೂ ನಿನ್ನಮ್ಮನೂ ಇದ್ದೇವೆ. ಆಮೇಲೆ ನಾನು ಬೆಂಗಳೂರಿಗೆ ಬಂದು ಮಗುವಿಗೆ ವರ್ಷ ತುಂಬುವವರೆಗೂ ಇರುತ್ತೇನೆ, ನೀನು ಕೆಲಸ ಬಿಡಬೇಕಾಗಿಲ್ಲ. ರಾತ್ರಿ ಎದ್ದು ಬಟ್ಟೆ ಬದಲಿಸುವುದು ಮಾತ್ರ ಅಳಿಯಂದಿರ ಪಾಲು. ಈ ಕಾಗದ ಅವರಿಗೂ ಓದಿ ಹೇಳು.

ಗೌರಿ ಹಬ್ಬಕ್ಕೆ ಇಬ್ಬರೂ ಬನ್ನಿ. ಬಾಗಿನ ಕೊಡುವಾಗ ಯಾರಾದರೂ ವಿಶೇಷ ಉಂಟೇ ಎಂದು ಕೇಳಿದರೆ ನೀನು ಬಾಯಿ ತೆರೆಯಬೇಡ, ಉತ್ತರ ನಾನು ಕೊಡುತ್ತೇನೆ.

ಇಂತಿ
ನಿನ್ನ ದೊಡ್ಡಮ್ಮ