ಎಕರೆ-ಗುಂಟೆ ಕೂಡಿಸುವ ಮೂರು ಸಾಲಿನ ಪ್ರೋಗ್ರಾಮು



ನಮ್ಮ ಅಜ್ಜ ಎರಡು ಹೊಲ ಲೀಜಿಗೆ ಕೊಟ್ಟಿದ್ದ. ಒಂದು 2 ಎಕರೆ 30 ಗುಂಟೆ, ಇನ್ನೊಂದು 1 ಎಕರೆ 20 ಗುಂಟೆ. ಎಕರೆಗೆ 10 ಚೀಲ ನೆಲ್ಲು ಎಂದು ಮಾತಾಗಿತ್ತು. ಹಿಡಿದವರು ಮೊಬೈಲಿನಲ್ಲಿ 2.30 ಮತ್ತು 1.20 ಕೂಡಿಸಿ, "ಮೂರೂವರೆ ಎಕರೆ, 35 ಚೀಲ" ಅಂದ್ರು. ಅಜ್ಜ ಬೆರಳು ಎಣಿಸಿ, "ಅಲ್ಲಪಾ, ನಾಲ್ಕರ ಮ್ಯಾಲ ಆಗ್ತದ" ಅಂದ. "ಮಷೀನು ಸುಳ್ಳು ಹೇಳ್ತದೇನು ಯಜ್ಜಾ?" ಅಂತ ಎಲ್ಲರೂ ನಕ್ಕರು.

ಮಷೀನು ಸುಳ್ಳು ಹೇಳಿರಲಿಲ್ಲ. ಚುಕ್ಕಿ ಇಟ್ಟರೆ ಅದು ನೂರರ ಲೆಕ್ಕ ಹಿಡಿಯುತ್ತದೆ. ಆದರೆ ಎಕರೆಗೆ ಇರುವುದು 40 ಗುಂಟೆ (ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ). ನಾನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹೀಗೆ ಬರೆದೆ:

ಒಟ್ಟು = (2 * 40 + 30) + (1 * 40 + 20)
ಎಕರೆ = ಒಟ್ಟು // 40
ಗುಂಟೆ = ಒಟ್ಟು % 40

ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ನೋಡಿರಿ. 2008ರಲ್ಲಿ ಬಂದ ಪೈಥಾನ್ 3ರಿಂದ ಇದು ನಡೆಯುತ್ತದೆ. ನನಗಂತೂ ಇದೇ ಬಹಳ ಖುಷಿ ಕೊಟ್ಟಿತು.

ಮೊದಲ ಸಾಲು ಎಲ್ಲವನ್ನೂ ಗುಂಟೆ ಮಾಡುತ್ತದೆ. 170 ಆಯಿತು. ಎರಡು ಓರೆ ಗೆರೆ ಅಂದ್ರೆ ಭಾಗಿಸಿ ಪೂರ್ಣ ಸಂಖ್ಯೆ ಮಾತ್ರ ಕೊಡು ಎಂದರ್ಥ. ಶೇಕಡಾ ಗುರುತು ಇಲ್ಲಿ ಶೇಕಡಾ ಅಲ್ಲ, ಭಾಗಿಸಿ ಉಳಿದ ಶೇಷ. ಆಮೇಲೆ "ಎಕರೆ, ಗುಂಟೆ" ಎಂದು ಬರೆದು ಎಂಟರ್ ಒತ್ತಿದರೆ (4, 10) ಎಂದು ತೋರಿಸುತ್ತದೆ. ಅಂದ್ರೆ 4 ಎಕರೆ 10 ಗುಂಟೆ. ಅಜ್ಜನ ಬೆರಳೇ ಖರೆ!

ಲೀಜಿಗೆ ಎಕರೆಯ ಭಾಗ ಬೇಕಲ್ಲ? ಆಗ ಒಂದೇ ಓರೆ ಗೆರೆ ಹಾಕಬೇಕು. ಒಟ್ಟು / 40 ಅಂದ್ರೆ 4.25. ಹತ್ತು ಚೀಲದಂತೆ ನಲವತ್ತೆರಡೂವರೆ ಚೀಲ. ಏಳೂವರೆ ಚೀಲ ಹೋಗುತ್ತಿತ್ತು! ಹಿಡಿದವರೂ ಒಳ್ಳೆಯವರೇ, ತೋರಿಸಿದ ಮೇಲೆ ಒಪ್ಪಿದರು. ನಾನು ಮೊದಲ ಸಲ ಎರಡು ಗೆರೆ ಹಾಕಿಬಿಟ್ಟು ಬರೇ 4 ಬಂದು ಎರಡೂವರೆ ಚೀಲ ಕಳೆದಿದ್ದೆ, ಅದು ಬೇರೆ ಮಾತು.

ಇದೇ ಗುರುತುಗಳು ಚೀಲಕ್ಕೂ ಬರುತ್ತವೆ. ನಮ್ಮ ಕಡೆ ನೆಲ್ಲಿನ ಚೀಲ 75 ಕಿಲೋ. 1000 ಕಿಲೋ ಇದ್ದರೆ 1000 // 75 ಅಂದ್ರೆ 13 ಚೀಲ, 1000 % 75 ಅಂದ್ರೆ ಉಳಿದದ್ದು 25 ಕಿಲೋ. ಸೋಮವಾರ ನಾಟಿ ಮಾಡಿದರೆ 120 ದಿನ ಕಳೆದ ಮೇಲೆ ಯಾವ ವಾರ? 120 % 7 ಅಂದ್ರೆ 1. ಸೋಮವಾರದಿಂದ ಒಂದು ದಿನ ಮುಂದೆ, ಮಂಗಳವಾರ.

ನಿಮ್ಮ ಮನೆಯ ಪಹಣಿ ನೋಡಿ ನೀವೂ ಒಮ್ಮೆ ಮಾಡಿರಿ.