ತೋಟದ ಮರದ ಬೆಂಚು: ಮಳೆ ಬಿಸಿಲಿನಿಂದ ರಕ್ಷಣೆ

ತೋಟದ ಮನೆಯ ಮುಂದೆ, ಬಾವಿಯ ಪಕ್ಕದಲ್ಲಿ ಅಥವಾ ಕಣದ ಅಂಚಿನ ನೆರಳಿನಲ್ಲಿ ಒಂದು ಬೆಂಚು ಇದ್ದರೆ ದಣಿದವರಿಗೆ ಅನುಕೂಲ. ಗಾಳಿಗೆ ಬಿದ್ದ ಹಲಸು, ಕಾಫಿ ತೋಟದಲ್ಲಿ ತೆಗೆದ ಸಿಲ್ವರ್ ಓಕ್, ಬದುವಿನ ಬೇವು, ಇಂಥ ಮರಗಳ ಹಲಗೆಯಿಂದ ಊರಿನ ಬಡಗಿಗಳು ಇದನ್ನು ಸುಲಭವಾಗಿ ಮಾಡಿಕೊಡುತ್ತಾರೆ. ಉಳಿ, ಗರಗಸ ಹಿಡಿಯಬಲ್ಲ ರೈತರು ತಾವೇ ಮಾಡಿಕೊಳ್ಳುವುದೂ ಉಂಟು. ಆದರೆ ಇಂಥ ಬೆಂಚುಗಳಲ್ಲಿ ಹಲವು ಕೆಲವೇ ಮಳೆಗಾಲಗಳಲ್ಲಿ ಹಾಳಾಗುತ್ತವೆ. ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಕಾಲಿನ ಬುಡ ಒಳಗೊಳಗೆ ಕೊಳೆತಿರುತ್ತದೆ. ಮನೆಯ ಹಿರಿಯರು ಕುಳಿತಾಗ ಆ ಕಾಲು ಮುರಿದರೆ ಆಗುವ ಹಾನಿ ಹಲಗೆಯ ಬೆಲೆಗಿಂತ ಬಹಳ ದೊಡ್ಡದು. ಕೆಲವು ಸರಳ ಕ್ರಮಗಳಿಂದ ಇದನ್ನು ತಡೆಯಬಹುದು.

ಮರ ಏಕೆ ಹಾಳಾಗುತ್ತದೆ?

ಮರವನ್ನು ಕೊಳೆಸುವುದು ಶಿಲೀಂಧ್ರ. ಅದರ ಬೆಳವಣಿಗೆಗೆ ಆಹಾರ, ಗಾಳಿ, ಬೆಚ್ಚನೆಯ ಹವೆ ಮತ್ತು ನೀರು ಬೇಕು. ಮೊದಲ ಮೂರನ್ನು ತಪ್ಪಿಸುವುದು ನಮ್ಮ ಕೈಯಲ್ಲಿಲ್ಲ. ನೀರನ್ನು ಮಾತ್ರ ತಪ್ಪಿಸಬಹುದು. ಮರದ ತೇವಾಂಶ ಶೇಕಡ 20ಕ್ಕಿಂತ ಕಡಿಮೆ ಇದ್ದಲ್ಲಿ ಕೊಳೆ ರೋಗ ಪ್ರಾರಂಭವಾಗುವುದಿಲ್ಲ. ಆದ್ದರಿಂದ ಬೆಂಚು ಎಂದೂ ನೆನೆಯಬಾರದು ಎಂದೇನಿಲ್ಲ. ನೆನೆದದ್ದು ಬೇಗ ಒಣಗಬೇಕು.

ಬಿಸಿಲಿನ ಕೆಲಸ ಬೇರೆ. ಅದರ ಅತಿನೇರಳೆ ಕಿರಣಗಳು ಮರದ ನಾರುಗಳನ್ನು ಬಂಧಿಸಿರುವ ಲಿಗ್ನಿನ್ ಎಂಬ ವಸ್ತುವನ್ನು ಮೇಲ್ಪದರದಲ್ಲಿ ಒಡೆಯುತ್ತವೆ, ಮಳೆ ಅದನ್ನು ತೊಳೆದೊಯ್ಯುತ್ತದೆ. ಆಗ ಮರ ಬೂದು ಬಣ್ಣಕ್ಕೆ ತಿರುಗುತ್ತದೆ. ಈ ಬೂದು ಬಣ್ಣ ಮೇಲ್ಮೈಯದು ಮಾತ್ರ. ಅದರಿಂದ ಬೆಂಚಿನ ಬಲ ಕುಂದುವುದಿಲ್ಲ. ಆದರೆ ಒಣಗಿ ಬಿಟ್ಟ ಸೀಳುಗಳಲ್ಲಿ ನೀರು ನಿಂತರೆ ಕೊಳೆಗೆ ದಾರಿಯಾಗುತ್ತದೆ. ಮೂರನೆಯ ಶತ್ರು ಗೆದ್ದಲು ಮತ್ತು ಕುಟ್ಟೆ ಹುಳು.

ಮರದ ಆಯ್ಕೆ

ತೇಗ, ಹಲಸು, ಹೊನ್ನೆ, ಮತ್ತಿ ಇವುಗಳ ಚೇಗು ಹೊರಗಿನ ಬಳಕೆಗೆ ಒಗ್ಗುತ್ತದೆ. ಸಿಲ್ವರ್ ಓಕ್, ಮಾವು, ರಬ್ಬರ್ ಮರಗಳು ಬೇಗ ಹಾಳಾಗುವಂಥವು. ಇವುಗಳಿಗೆ ಔಷಧೋಪಚಾರ ಅವಶ್ಯ. ಯಾವುದೇ ಮರವಾದರೂ ಚೇಗಿನ ಸುತ್ತಲಿನ ಬಿಳಿಯ ಭಾಗ ಬಾಳಿಕೆ ಬರುವುದಿಲ್ಲ. ತೇಗವಾದರೂ ಅದರ ಬಿಳಿಯ ಭಾಗವನ್ನು ಕಾಲುಗಳಿಗೆ ಬಳಸಬಾರದು. ನಿಂತ ಮರವನ್ನು ಕಡಿಯುವ ಮೊದಲು ಅನುಮತಿಯ ಬಗ್ಗೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಹಸಿ ಹಲಗೆಗೆ ಎಣ್ಣೆ, ಬಣ್ಣ ಯಾವುದೂ ನಿಲ್ಲದು. ಹಲಗೆಗಳ ನಡುವೆ ಪಟ್ಟಿ ಕೊಟ್ಟು, ನೆರಳಿನಲ್ಲಿ, ಗಾಳಿಯಾಡುವಂತೆ ಪೇರಿಸಿ ಒಣಗಿಸಬೇಕು. ಒಣಗಿರುವುದನ್ನು ತಿಳಿಯಲು ಒಂದು ತುಂಡನ್ನು ಗುರುತು ಮಾಡಿ ವಾರಕ್ಕೊಮ್ಮೆ ತೂಗಬೇಕು. ಸತತವಾಗಿ ಮೂರು ವಾರ ತೂಕ ಇಳಿಯದಿದ್ದರೆ ಆ ಹವೆಗೆ ಹಲಗೆ ಒಣಗಿದೆ ಎಂದರ್ಥ. ಬಿಸಿಲು ಬಲಿತ ಫೆಬ್ರವರಿ, ಮಾರ್ಚ್ ತಿಂಗಳುಗಳು ಈ ಕೆಲಸಕ್ಕೂ ಲೇಪನಕ್ಕೂ ಉತ್ತಮ.

ನೀರು ನಿಲ್ಲದ ರಚನೆ

ಲೇಪನಕ್ಕಿಂತ ರಚನೆ ಮುಖ್ಯ. ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಕೂರುವ ಭಾಗಕ್ಕೆ ಒಂದೇ ಅಗಲ ಹಲಗೆಯ ಬದಲು ಪಟ್ಟಿಗಳನ್ನು ಬಳಸಿ, ನಡುವೆ 6 ರಿಂದ 8 ಮಿ.ಮೀ. ಸಂದು ಬಿಡಬೇಕು.
2. ಚೂಪಾದ ಅಂಚಿನಲ್ಲಿ ಲೇಪನ ತೆಳುವಾಗಿ ಬೇಗ ಒಡೆಯುತ್ತದೆ. ಎಲ್ಲ ಅಂಚುಗಳನ್ನೂ ಉಜ್ಜಿ ದುಂಡಗೆ ಮಾಡಬೇಕು.
3. ಕಾಲುಗಳನ್ನು ಮಣ್ಣಿನಲ್ಲಿ ಹೂಳಬಾರದು. ಚಪ್ಪಡಿ ಕಲ್ಲು ಅಥವಾ ಸಿಮೆಂಟಿನ ದಿಮ್ಮಿಯ ಮೇಲೆ ನಿಲ್ಲಿಸಬೇಕು. ಕಲ್ಲಿನ ಮೇಲೆ ನೀರು ನಿಲ್ಲದಂತೆ ತುಸು ಇಳಿಜಾರು ಇರಲಿ.
4. ಬರಿಯ ಕಬ್ಬಿಣದ ಮೊಳೆಗಳು ತುಕ್ಕು ಹಿಡಿದು ಸುತ್ತಲಿನ ಮರವನ್ನು ಕಪ್ಪಾಗಿಸಿ ಸಡಿಲಿಸುತ್ತವೆ. ಹಿತ್ತಾಳೆ, ಸತುವಿನ ಲೇಪದ ಅಥವಾ ತುಕ್ಕು ಹಿಡಿಯದ ಉಕ್ಕಿನ ತಿರುಪುಗಳು ಲೇಸು.

ಗೆದ್ದಲು ಮತ್ತು ಕೊಳೆಗೆ ಉಪಚಾರ

ಹಳೆಯ ಕೈಪಿಡಿಗಳಲ್ಲಿ ಆಲ್ಡ್ರಿನ್, ಬಿ.ಎಚ್.ಸಿ. ಬಳಸುವ ಸಲಹೆ ಕಾಣಬರುತ್ತದೆ. ನಮ್ಮ ದೇಶದಲ್ಲಿ 1996-97ರಲ್ಲಿ ಇವೆರಡನ್ನೂ ನಿಷೇಧಿಸಲಾಗಿದೆ. ಮೂಲೆಯಲ್ಲಿ ಉಳಿದ ಹಳೆಯ ಡಬ್ಬಿ ಸಿಕ್ಕರೂ ಬಳಸಬಾರದು. ಮನುಷ್ಯರು ಕೂರುವ, ಮಕ್ಕಳು ಮುಟ್ಟುವ ವಸ್ತುವಿಗೆ ಬೋರಾನ್ ಉಪಚಾರ ಹೆಚ್ಚು ಸೂಕ್ತ.

ಒಂದು ಲೀಟರ್ ಬಿಸಿ ನೀರಿಗೆ 40 ಗ್ರಾಂ ಬೋರಿಕ್ ಆಮ್ಲ ಮತ್ತು 60 ಗ್ರಾಂ ಬೋರಾಕ್ಸ್, ಅಂದರೆ ಬಿಳಿಗಾರ, ಹಾಕಿ ಪೂರ್ತಿ ಕರಗಿಸಬೇಕು. ಬೆಂಚನ್ನು ಜೋಡಿಸುವ ಮೊದಲೇ ಪ್ರತಿ ತುಂಡಿಗೂ ಕುಂಚದಿಂದ ಎರಡು ಮೂರು ಬಾರಿ ಹಚ್ಚಬೇಕು. ಕೊಯ್ದ ತುದಿಗಳಿಗೆ ಇನ್ನೂ ಹೆಚ್ಚು ಕುಡಿಸಬೇಕು. ಒಂದು ದಿನ ಮುಚ್ಚಿಟ್ಟು, ಅನಂತರ ನೆರಳಿನಲ್ಲಿ ಮತ್ತೆ ಚೆನ್ನಾಗಿ ಒಣಗಿಸಬೇಕು. ಬೋರಾನ್ ನೀರಿನಲ್ಲಿ ಕರಗಿ ಹೋಗುವ ವಸ್ತುವಾದ್ದರಿಂದ ಮೇಲೆ ಲೇಪನ ಇಲ್ಲದಿದ್ದರೆ ಈ ಉಪಚಾರ ವ್ಯರ್ಥ. ಕೈಗವಸು ಧರಿಸಬೇಕು, ಅಡಿಗೆಯ ಪಾತ್ರೆ ಬಳಸಬಾರದು. ಬೋರಾನ್ ಬೆಳೆಗೆ ಲಘು ಪೋಷಕಾಂಶವೆಂಬುದು ನಿಜ, ಆದರೆ ಹೆಚ್ಚಾದರೆ ವಿಷ. ಉಳಿದ ದ್ರಾವಣವನ್ನು ಗಿಡದ ಬುಡಕ್ಕೆ ಸುರಿಯಬಾರದು.

ಉಜ್ಜುವುದು ಮತ್ತು ಲೇಪನ

ಹತ್ತರಿ ಹೊಡೆದ ಮರವನ್ನು ಮೊದಲು 80ನೇ ನಂಬರಿನ, ಆಮೇಲೆ 120ನೇ ನಂಬರಿನ ಮರಳು ಕಾಗದದಿಂದ ನಾರಿನ ಉದ್ದಕ್ಕೆ ಉಜ್ಜಬೇಕು. ಅಡ್ಡಲಾಗಿ ಉಜ್ಜಿದರೆ ಗೀರು ಉಳಿಯುತ್ತದೆ. ಧೂಳನ್ನು ಒಣಬಟ್ಟೆಯಿಂದ ಒರೆಸಿ ಲೇಪನ ಆರಂಭಿಸಬೇಕು.

ಬಯಲುಸೀಮೆಗೆ ಕಾಯಿಸಿದ ಅಗಸೆ ಎಣ್ಣೆ ಉತ್ತಮ. ಅಗಸೆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವ ಗುಣದ್ದು. ಕಡಲೆಕಾಯಿ, ಕೊಬ್ಬರಿ, ಹೊಂಗೆ ಎಣ್ಣೆಗಳು ಹಾಗೆ ಗಟ್ಟಿಯಾಗುವುದಿಲ್ಲ. ಜಿಗುಟಾಗಿ ಉಳಿದು ಧೂಳು ಹಿಡಿಯುತ್ತವೆ. ಮೊದಲ ಲೇಪಕ್ಕೆ ಎಣ್ಣೆ ಮತ್ತು ಟರ್ಪೆಂಟೈನ್ ಸಮಭಾಗ ಬೆರೆಸಬೇಕು. ಮುಂದಿನ ಎರಡು ಲೇಪಗಳಿಗೆ ಬರಿಯ ಎಣ್ಣೆ ಸಾಕು. ಹಚ್ಚಿದ ಅರ್ಧ ಗಂಟೆಯೊಳಗೆ ಹೀರದೆ ಉಳಿದ ಎಣ್ಣೆಯನ್ನು ಒರೆಸಿ ತೆಗೆಯಬೇಕು. ಹಿಂದಿನ ಲೇಪ ಪೂರ್ತಿ ಒಣಗದೆ ಮುಂದಿನದನ್ನು ಹಚ್ಚಬಾರದು.

ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾವೇರಿ ಬೆಂಕಿ ಹತ್ತಬಹುದು. ಹುಲ್ಲಿನ ಬಣವೆ, ಕೊಟ್ಟಿಗೆಯ ಹತ್ತಿರ ಇದು ದೊಡ್ಡ ಅಪಾಯ. ಬಟ್ಟೆಯನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಮಲೆನಾಡು ಮತ್ತು ಕರಾವಳಿಯ ಎಡೆಬಿಡದ ಮಳೆಯಲ್ಲಿ ಅಗಸೆ ಎಣ್ಣೆಯ ಮೇಲೆ ಕಪ್ಪು ಬೂಷ್ಟು ಬೆಳೆಯುವುದುಂಟು. ಅಲ್ಲಿ ಪ್ರೈಮರ್ ಒಂದು ಲೇಪ, ಹೊರಾಂಗಣದ ಎನಾಮಲ್ ಬಣ್ಣ ಎರಡು ಲೇಪ ಹೆಚ್ಚು ಸೂಕ್ತ. ಬಣ್ಣವು ಬಿಸಿಲನ್ನೂ ತಡೆಯುತ್ತದೆ. ಆದರೆ ಬಣ್ಣ ಬಿರುಕು ಬಿಟ್ಟಲ್ಲಿ ಒಳಹೊಕ್ಕ ನೀರು ಹೊರಬರಲಾರದು. ಬಿರುಕನ್ನು ಕಂಡ ಕೂಡಲೇ ಕೆರೆದು, ಒಣಗಿಸಿ, ಮತ್ತೆ ಹಚ್ಚಬೇಕು. ಅರಗಿನ ಪಾಲಿಶ್ ಮನೆಯೊಳಗಿನ ಸಾಮಾನಿಗೆ ಮಾತ್ರ. ನೀರು ಬಿದ್ದರೆ ಬಿಳುಚಿಕೊಳ್ಳುತ್ತದೆ. ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಎಂಜಿನ್ ಎಣ್ಣೆ ಪುಕ್ಕಟೆಯಾದರೂ ಅದರಲ್ಲಿ ಹಾನಿಕರ ಲೋಹಗಳೂ ರಾಸಾಯನಿಕಗಳೂ ಇರುತ್ತವೆ. ಕೂರುವ ಬೆಂಚಿಗೆ ಅದು ಸಲ್ಲದು.

ಮರ ನೀರನ್ನು ಅತಿ ಹೆಚ್ಚು ಹೀರುವುದು ಅಡ್ಡ ಕೊಯ್ದ ತುದಿಗಳಿಂದ. ಆದ್ದರಿಂದ ಕಾಲಿನ ಅಡಿ ಮತ್ತು ಪಟ್ಟಿಗಳ ತುದಿಗಳಿಗೆ ಇತರ ಭಾಗಕ್ಕಿಂತ ಒಂದೆರಡು ಲೇಪ ಹೆಚ್ಚಾಗಿ ಕೊಡಬೇಕು. ಬೆಂಚನ್ನು ತಲೆಕೆಳಗು ಮಾಡಿ ಮೊದಲು ಅಡಿಯ ಭಾಗವನ್ನು ಮುಗಿಸಿದರೆ ಇದು ಮರೆತುಹೋಗುವುದಿಲ್ಲ.

ಬೇಕಾಗುವ ಪ್ರಮಾಣ

150 ಸೆಂ.ಮೀ. ಉದ್ದದ, ಒರಗು ಇರುವ ಬೆಂಚಿನ ಎಲ್ಲ ಮೈ ಸೇರಿ ಸುಮಾರು 4 ಚದರ ಮೀಟರ್ ಆಗುತ್ತದೆ. ಮೂರು ಲೇಪಕ್ಕೆ 12 ಚದರ ಮೀಟರ್. ಲೀಟರಿಗೆ 10 ಚದರ ಮೀಟರ್ ಎಂದು ಹಿಡಿದರೆ ಒಂದೂಕಾಲು ಲೀಟರ್ ಸಾಕು.

ವರ್ಷಕ್ಕೊಮ್ಮೆ ಪರೀಕ್ಷೆ

ಮುಂಗಾರಿಗೆ ಮೊದಲು, ಮೇ ತಿಂಗಳಿನಲ್ಲಿ, ಮೂರು ಪರೀಕ್ಷೆಗಳನ್ನು ಮಾಡಬೇಕು. ಬೆಂಚಿನ ಮೇಲೆ ನೀರು ಚಿಮುಕಿಸಿದಾಗ ಹನಿ ಹನಿಯಾಗಿ ನಿಂತರೆ ಲೇಪನ ಸರಿಯಿದೆ. ಹರಡಿ ಮರ ಕಪ್ಪಾದರೆ ಹೊಸ ಲೇಪ ಬೇಕು. ಕಾಲಿನ ಬುಡಕ್ಕೆ ಚಾಕುವಿನ ಮೊನೆ ಚುಚ್ಚಿ ಎತ್ತಿದಾಗ ಉದ್ದ ಸಿಬಿರು ಎದ್ದರೆ ಮರ ಗಟ್ಟಿ. ಪುಡಿಪುಡಿಯಾಗಿ ಮುರಿದರೆ ಕೊಳೆತಿದೆ, ಆ ಕಾಲನ್ನು ಬದಲಿಸುವ ತನಕ ಯಾರೂ ಕೂರಬಾರದು. ಕೊನೆಗೆ ಬೆಂಚನ್ನು ಎತ್ತಿ, ಅಡಿಯಲ್ಲಿ ಗೆದ್ದಲಿನ ಮಣ್ಣಿನ ದಾರಿ ಇದೆಯೇ ನೋಡಬೇಕು. ವರ್ಷಕ್ಕೆ ಒಂದು ದಿನವನ್ನು ಇದಕ್ಕೆ ಮೀಸಲಿಟ್ಟರೆ ಬೆಂಚು ಬಹುಕಾಲ ಬಾಳಿಕೆ ಬರುವುದಲ್ಲದೆ, ಕೂರುವವರೂ ನಿಶ್ಚಿಂತೆಯಿಂದ ಕೂರಬಹುದು.