ಹಳೆಯ ಆವೃತ್ತಿಮಾಪಕವನ್ನು ಕೊಳ್ಳುವ ಮುನ್ನ

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು ತನ್ನ ಕೈಯಿಂದಲೇ ಒಂದು ಗಡಿಯಾರವನ್ನು ಕಟ್ಟಿದನು. ಕೈಗಡಿಯಾರಗಳಲ್ಲಿರುವಂಥ ಬೆಣಚಿನ ಹರಳೊಂದು ಅದರ ಜೀವಾಳ. ಆ ಹರಳು ಸೆಕೆಂಡಿಗೆ 32,768 ಸಲ ಕಂಪಿಸಬೇಕು. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧಿಸಿದರೆ ಸರಿಯಾಗಿ ಒಂದು ಉಳಿಯುವುದರಿಂದ ಸೆಕೆಂಡಿಗೊಂದು ಮಿಡಿತ ದೊರೆಯುತ್ತದೆ. ಆತನು ನಮ್ಮ ಪ್ರಯೋಗಶಾಲೆಯ ಎಂಟು ಅಂಕಿಗಳ ಆವೃತ್ತಿಮಾಪಕದ ಮುಂದೆ ಕುಳಿತು, 32768 ಎಂಬ ಸಂಖ್ಯೆ ನಿಲ್ಲುವವರೆಗೂ ಸಣ್ಣ ತಿರುಪನ್ನು ತಿರುಗಿಸಿ ಸರಿಪಡಿಸಿದನು. ಆದರೂ ತಿಂಗಳು ಕಳೆಯುವಷ್ಟರಲ್ಲಿ ಗಡಿಯಾರವು ನೂರು ಸೆಕೆಂಡಿನಷ್ಟು ಮುಂದೆ ಓಡಿತ್ತು. ತನ್ನ ಕೆಲಸವೇ ಕೆಟ್ಟದ್ದೆಂದು ಬಗೆದು ಅವನು ಅದನ್ನು ಮೂರು ಸಲ ಬಿಚ್ಚಿ ಕಟ್ಟಿದನು. ನಾನೂ ಹಾಗೆಯೇ ತಿಳಿದು, ಬೆಸುಗೆಯ ಅಚ್ಚುಕಟ್ಟಿನ ವಿಷಯವಾಗಿ ಅವನಿಗೆ ಬುದ್ಧಿವಾದ ಹೇಳಿದೆನು. ಆದರೆ ತಪ್ಪು ಅವನದಾಗಿರಲಿಲ್ಲ, ಅಳತೆಯದಾಗಿತ್ತು.

ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಹವ್ಯಾಸವನ್ನು ಬೆಳೆಸಿಕೊಂಡವರು ಅಂಗಡಿಯಲ್ಲಿ ‘ಫ್ರೀಕ್ವೆನ್ಸಿ ಕೌಂಟರ್’ ಎಂದು ಮಾರುವ ಈ ಉಪಕರಣವನ್ನು ಹಳೆಯದಾದರೂ ಸರಿಯೆಂದು ಕೊಳ್ಳುವುದುಂಟು. ಕಡಮೆ ಹಣದಲ್ಲಿ ಒಳ್ಳೆಯದನ್ನು ಆರಿಸಬೇಕಾದರೆ ಅದು ಏನು ಮಾಡುತ್ತದೆಂಬುದನ್ನು ಮೊದಲು ತಿಳಿಯಬೇಕು.

ಎಣಿಕೆಯ ಬಗೆ

ಒಂದು ಸೆಕೆಂಡಿನಲ್ಲಿ ಎಷ್ಟು ಕಂಪನಗಳು ನಡೆಯುತ್ತವೆಯೋ ಅದೇ ಆವೃತ್ತಿ. ಅದರ ಏಕಮಾನ ಹರ್ಟ್ಸ್. ಸರಳ ಮಾಪಕದೊಳಗೆ ಒಂದು ‘ದ್ವಾರ’ವಿರುತ್ತದೆ. ಉಪಕರಣದ ಸ್ವಂತ ಗಡಿಯಾರವು ಆ ದ್ವಾರವನ್ನು ಸರಿಯಾಗಿ ಒಂದು ಸೆಕೆಂಡು ತೆರೆದಿಡುತ್ತದೆ. ಅಷ್ಟರಲ್ಲಿ ಒಳಹೊಕ್ಕ ಕಂಪನಗಳನ್ನು ಎಣಿಸಿ ತೋರಿಸುತ್ತದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ನಿರ್ವಾತ ನಳಿಗೆಗಳಿಂದ ರಚಿಸಿದ 524ಎ ಮಾಪಕವು ಈ ರೀತಿಯಲ್ಲಿಯೇ ಸೆಕೆಂಡಿಗೆ 1 ಕೋಟಿ ಕಂಪನಗಳವರೆಗೆ, ಅಂದರೆ 10 ಮೆಗಾಹರ್ಟ್ಸ್‌ವರೆಗೆ, ಎಣಿಸುತ್ತಿತ್ತು.

ಈ ಎಣಿಕೆಯಲ್ಲಿ ಎರಡು ಬಗೆಯ ದೋಷಗಳು ಅಡಗಿವೆ. ದ್ವಾರವು ತೆರೆಯುವಾಗಲೋ ಮುಚ್ಚುವಾಗಲೋ ಒಂದು ಕಂಪನವು ಒಳಗೆ ಸೇರಬಹುದು ಅಥವಾ ಹೊರಗುಳಿಯಬಹುದು. ಆದುದರಿಂದ ಕೊನೆಯ ಅಂಕಿಯಲ್ಲಿ ಒಂದರ ವ್ಯತ್ಯಾಸ ಅನಿವಾರ್ಯ. ಒಂದು ಕೋಟಿಯಲ್ಲಿ ಒಂದೆಂದರೆ ಅದು ಗಣನೆಗೇ ಬಾರದು. 32,768ರಲ್ಲಿ ಒಂದೆಂದರೆ ಹತ್ತು ಲಕ್ಷಕ್ಕೆ ಸುಮಾರು 30 ಭಾಗ. ದಿನಕ್ಕೆ 86,400 ಸೆಕೆಂಡುಗಳಾದುದರಿಂದ ಇದು ದಿನಕ್ಕೆ 2.6 ಸೆಕೆಂಡು, ತಿಂಗಳಿಗೆ 79 ಸೆಕೆಂಡು ಆಗುತ್ತದೆ. ಎಂಟು ಅಂಕಿಗಳ ಮುಖವಿದ್ದರೂ ನಮ್ಮ ಕೆಲಸಕ್ಕೆ ಬಂದವು ಐದೇ ಅಂಕಿಗಳು.

ಇದನ್ನು ಅರಿತು ನಾವು ದ್ವಾರವನ್ನು ಹತ್ತು ಸೆಕೆಂಡು ತೆರೆದಿಟ್ಟೆವು. ಈ ದೋಷ ಹತ್ತರಲ್ಲೊಂದಕ್ಕೆ ಇಳಿಯಿತು. ಗಡಿಯಾರವು ಮಾತ್ರ ತಿಂಗಳಿಗೆ ಐವತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಂದೋಡುತ್ತಲೇ ಇತ್ತು. ಎರಡನೆಯ ದೋಷ ಬೆಳಕಿಗೆ ಬಂದುದು ಆಗ. ಮಾಪಕದ ಸ್ವಂತ ಗಡಿಯಾರವೇ ಬೇಗ ನಡೆಯುತ್ತಿತ್ತು. ಅದರ ‘ಸೆಕೆಂಡು’ ನಿಜವಾದ ಸೆಕೆಂಡಿಗಿಂತ ಕಿರಿದಾಗಿತ್ತು. ಭತ್ತ ಅಳೆಯುವ ಸೇರೇ ಕಿರಿದಾಗಿದ್ದರೆ ಸೇರುಗಳನ್ನು ಎಷ್ಟು ಎಚ್ಚರದಿಂದ ಎಣಿಸಿದರೇನು ಫಲ?

ಗಡಿಯಾರವನ್ನು ನೋಡಿ ಕೊಳ್ಳಿರಿ

ಆದುದರಿಂದ ಹಳೆಯ ಮಾಪಕವನ್ನು ಕೊಳ್ಳುವವರು ಅಂಕಿಗಳ ಸಂಖ್ಯೆಗೂ, ಫಲಕದ ಮೇಲೆ ಬರೆದ ಗಿಗಾಹರ್ಟ್ಸ್‌ಗೂ ಮರುಳಾಗಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಒಳಗಿನ ಗಡಿಯಾರ ಎಂಥದೆಂದು ಮೊದಲು ಕೇಳಬೇಕು.

ಅಗ್ಗದ ಉಪಕರಣಗಳಲ್ಲಿ ಬರಿಯ ಹರಳಿರುತ್ತದೆ. ಅದರ ಕಂಪನವು ಕೋಣೆಯ ಉಷ್ಣತೆಯೊಡನೆ ಬದಲಾಗುತ್ತದೆ, ವಯಸ್ಸಾದಂತೆಯೂ ಸರಿಯುತ್ತದೆ. ಉಷ್ಣತೆಯ ಪರಿಣಾಮವನ್ನು ಮಂಡಲದಿಂದಲೇ ಸರಿದೂಗಿಸಿದ ಹರಳು ಇದಕ್ಕಿಂತ ಮೇಲು. ಎಲ್ಲಕ್ಕೂ ಮೇಲಾದುದು ‘ಓವನ್’ ಎಂದು ಕರೆಯುವ ಪುಟ್ಟ ಕಾವುಪೆಟ್ಟಿಗೆಯಲ್ಲಿಟ್ಟ ಹರಳು. ಹೊರಗಿನ ಉಷ್ಣತೆ ಏರಿಳಿದರೂ ಒಳಗಿನದು ಒಂದೇ ಸಮನಿರುತ್ತದೆ. ಆದರೆ ಅದು ನೆಲೆಗೊಳ್ಳಲು ಸಾಕಷ್ಟು ಹೊತ್ತು ಬೇಕು. ಗುಂಡಿ ಒತ್ತಿದ ಕೂಡಲೆ ಬಂದ ಓದನ್ನು ನಂಬಲಾಗದು.

ಇವೆಲ್ಲಕ್ಕಿಂತ ಮುಖ್ಯವಾದುದು ಉಪಕರಣದ ಹಿಂಬದಿಯಲ್ಲಿರುವ ಒಂದು ಕಿಂಡಿ. ಹೊರಗಿನಿಂದ 10 ಮೆಗಾಹರ್ಟ್ಸ್ ಸಂಕೇತವನ್ನು ಒಳಗೆ ಕೊಡುವುದಕ್ಕಾಗಿ ಅದನ್ನು ಇಟ್ಟಿರುತ್ತಾರೆ. ಅದಿದ್ದರೆ ಒಳಗಿನ ಗಡಿಯಾರ ಸಾಧಾರಣದ್ದಾದರೂ ಚಿಂತೆಯಿಲ್ಲ. ಇಂದಲ್ಲ ನಾಳೆ ಉತ್ತಮವಾದ ಹೊರಗಡಿಯಾರವನ್ನು ಜೋಡಿಸಬಹುದು. ಹಣ ಕಡಮೆಯಿರುವವರು ಬೇರೆ ಸೌಕರ್ಯಗಳನ್ನು ಬಿಟ್ಟರೂ ಈ ಕಿಂಡಿಯನ್ನು ಬಿಡಬಾರದು.

ಬಳಿಕ ಎಣಿಕೆಯ ವಿಧಾನವನ್ನು ವಿಚಾರಿಸಿರಿ. ‘ರೆಸಿಪ್ರೊಕಲ್’ ಎಂಬ ಜಾತಿಯ ಮಾಪಕಗಳು ಕಂಪನಗಳನ್ನು ನೇರವಾಗಿ ಎಣಿಸಿ ಬಿಡುವುದಿಲ್ಲ. ಪೂರ್ಣಸಂಖ್ಯೆಯ ಕಂಪನಗಳು ಕಳೆಯಲು ತಮ್ಮ ಗಡಿಯಾರದ ಎಷ್ಟು ಮಿಡಿತಗಳು ಹಿಡಿದವೆಂದು ಎಣಿಸಿ, ಭಾಗಿಸಿ ಉತ್ತರ ಕೊಡುತ್ತವೆ. ಗಡಿಯಾರ 10 ಮೆಗಾಹರ್ಟ್ಸ್‌ನದಾದರೆ ಒಂದೇ ಸೆಕೆಂಡಿನಲ್ಲಿ ಕೋಟಿಗೊಂದು ಭಾಗದಷ್ಟು ಸೂಕ್ಷ್ಮ ದೊರೆಯುತ್ತದೆ. ನಮ್ಮ 32,768 ಹರ್ಟ್ಸ್‌ನಲ್ಲಿ ಇದು 0.003 ಹರ್ಟ್ಸ್. ಹ್ಯೂಲೆಟ್-ಪ್ಯಾಕರ್ಡ್ 5316ಎ ಈ ಬಗೆಯದು. ಸೆಕೆಂಡಿಗೆ ಸುಮಾರು ಏಳು ಅಂಕಿಗಳನ್ನು ಕೊಡುತ್ತದೆ. ಇಂಗ್ಲೆಂಡಿನ ರಕಾಲ್-ಡಾನ 1992 ಒಂಬತ್ತನ್ನೂ, 53131ಎ ಹತ್ತನ್ನೂ ಕೊಡುತ್ತವೆ. ಈ ಕೊನೆಯದು ಹ್ಯೂಲೆಟ್-ಪ್ಯಾಕರ್ಡ್ ಹೆಸರಿನಲ್ಲಿಯೂ ಮುಂದೆ ಅಜಿಲೆಂಟ್ ಹೆಸರಿನಲ್ಲಿಯೂ ಬಂದಿದೆ. ಎರಡೂ ಒಂದೇ ಎಂದು ತಿಳಿದು ಬೆಲೆಯನ್ನು ಹೋಲಿಸಬೇಕು.

ಎಷ್ಟು ನಿಖರತೆ ಬೇಕೆಂಬುದು ಕೆಲಸವನ್ನು ಅವಲಂಬಿಸಿದೆ. ಹತ್ತು ಲಕ್ಷಕ್ಕೆ 20 ಭಾಗದ ತಪ್ಪು 1,000 ಹರ್ಟ್ಸ್‌ನ ಧ್ವನಿಯಲ್ಲಿ 0.02 ಹರ್ಟ್ಸ್ ಮಾತ್ರ. ಧ್ವನಿವರ್ಧಕಗಳನ್ನು ಕಟ್ಟುವವರಿಗೆ ಅದರಿಂದ ಬಾಧಕವಿಲ್ಲ. ಹವ್ಯಾಸಿ ರೇಡಿಯೋದವರ 7.1 ಮೆಗಾಹರ್ಟ್ಸ್‌ನಲ್ಲಿ ಅದೇ ತಪ್ಪು 142 ಹರ್ಟ್ಸ್ ಆಗಿ, ಏಕಪಾರ್ಶ್ವ ಪ್ರಸಾರದಲ್ಲಿ ಮಾತಿನ ಸ್ವರವನ್ನೇ ಕೆಡಿಸುತ್ತದೆ. 145 ಮೆಗಾಹರ್ಟ್ಸ್‌ನಲ್ಲಿ ಅದು 2,900 ಹರ್ಟ್ಸ್.

ಅಂಗಡಿಯಲ್ಲಿ ಪರೀಕ್ಷೆ

ಮಾರುವವನು ಉಪಕರಣದ ‘ಚೆಕ್’ ಗುಂಡಿಯನ್ನು ಒತ್ತಿ 10,000,000 ಎಂದು ತೋರಿಸಬಹುದು. ಇದರಿಂದ ಎಣಿಸುವ ಭಾಗ ಕೆಟ್ಟಿಲ್ಲವೆಂದು ತಿಳಿಯುತ್ತದೆಯೇ ಹೊರತು ನಿಖರತೆ ತಿಳಿಯುವುದಿಲ್ಲ. ಮಾಪಕವು ಆಗ ತನ್ನ ಗಡಿಯಾರವನ್ನು ತನ್ನ ಗಡಿಯಾರದಿಂದಲೇ ಅಳೆಯುತ್ತಿರುತ್ತದೆ. ಅದು ಎಷ್ಟೇ ತಪ್ಪಿದ್ದರೂ ಉತ್ತರ ಸರಿಯಾಗಿಯೇ ಬರುತ್ತದೆ.

ಬ್ಯಾಟರಿಯಿಂದ ನಡೆಯುವ ಚಿಕ್ಕ ಹರಳು ಆಂದೋಲಕವೊಂದನ್ನು ಜೊತೆಗೆ ಕೊಂಡೊಯ್ದು ಪ್ರತಿಯೊಂದು ಪ್ರವೇಶದ್ವಾರಕ್ಕೂ, ಅದರ ಮಿತಿಯೊಳಗೆ, ಜೋಡಿಸಿ ನೋಡಿರಿ. ಉಚ್ಚ ಆವೃತ್ತಿಯ ಪ್ರವೇಶವನ್ನು ವಿಶೇಷವಾಗಿ ಪರೀಕ್ಷಿಸಬೇಕು. ಪ್ರೇಷಕವನ್ನು ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ. ಸಂಕೇತದ ಮಟ್ಟವನ್ನು ಆರಿಸುವ ತಿರುಗುಗುಂಡಿ ಇದೆಯೇ ಎಂದೂ ನೋಡಿರಿ. ಅದಿಲ್ಲದಿದ್ದರೆ ಗದ್ದಲ ಬೆರೆತ ಸಂಕೇತದಲ್ಲಿ ಒಂದು ಕಂಪನವು ಎರಡಾಗಿ ಎಣಿಕೆಯಾಗಬಹುದು. ಪರದೇಶದಿಂದ ಬಂದ ಉಪಕರಣವಾದರೆ ಹಿಂಬದಿಯ ವೋಲ್ಟೇಜ್ ಆಯ್ಕೆಯು 230ರಲ್ಲಿದೆಯೆಂದು ಖಚಿತಪಡಿಸಿಕೊಳ್ಳದೆ ವಿದ್ಯುತ್ತನ್ನು ಕೊಡಬೇಡಿರಿ.

ಆಕಾಶದಿಂದ ಬರುವ ಸೆಕೆಂಡು

1967ರಲ್ಲಿ ಸೀಸಿಯಂ ಪರಮಾಣುವಿನ 9,19,26,31,770 ಕಂಪನಗಳ ಕಾಲವೇ ಒಂದು ಸೆಕೆಂಡೆಂದು ನಿರ್ಣಯವಾಯಿತು. ಜಿ.ಪಿ.ಎಸ್. ಉಪಗ್ರಹಗಳು ಪರಮಾಣು ಗಡಿಯಾರಗಳನ್ನು ಹೊತ್ತು ಸುತ್ತುತ್ತವೆ. ಅವುಗಳ ಸಂಕೇತವನ್ನು ಹಿಡಿಯುವ ಅಗ್ಗದ ಗ್ರಾಹಕ ಫಲಕಗಳಲ್ಲಿ ಕೆಲವು, ಆಕಾಶ ಕಾಣುವಲ್ಲಿಟ್ಟರೆ, ಸೆಕೆಂಡಿಗೊಂದು ಮಿಡಿತವನ್ನು ತಂತಿಯ ಮೇಲೆ ಕೊಡುತ್ತವೆ. ಮಾಪಕವನ್ನು ‘ಪೀರಿಯಡ್’ ಎಂಬಲ್ಲಿಗೆ ತಿರುಗಿಸಿ, ಒಳಪ್ರವೇಶವನ್ನು ಡಿ.ಸಿ.ಗೆ ಇಟ್ಟು ಈ ಮಿಡಿತವನ್ನು ಅಳೆಯಿರಿ. ಹತ್ತಾರು ಓದುಗಳ ಸರಾಸರಿಯನ್ನು ತೆಗೆಯಿರಿ. 1.000000 ಬಂದರೆ ನಿಮ್ಮ ಗಡಿಯಾರ ಸರಿ. ನಮ್ಮದರಲ್ಲಿ 1.000020 ಬಂದಿತು. ಅಂದರೆ ಹತ್ತು ಲಕ್ಷಕ್ಕೆ 20 ಭಾಗ ವೇಗ, ದಿನಕ್ಕೆ 1.73 ಸೆಕೆಂಡು, ತಿಂಗಳಿಗೆ 52. ವಿದ್ಯಾರ್ಥಿಯ ಗಡಿಯಾರ ಹೇಳುತ್ತಿದ್ದುದೂ ಇದನ್ನೇ.

ಮಾಪಕವು ಚೆನ್ನಾಗಿ ಬಿಸಿಯಾದ ಮೇಲೆ ಅದರೊಳಗಿನ ತಿರುಪನ್ನು ನಾಜೂಕಾಗಿ ತಿರುಗಿಸಿ ಈ ಓದನ್ನು 1.000000ಕ್ಕೆ ತಂದೆವು. ಆಮೇಲೆ ಆತನು ತನ್ನ ಗಡಿಯಾರವನ್ನು ಮತ್ತೆ ಸರಿಪಡಿಸಿದನು. ಈ ಸಲ ಅಳೆಯುವ ತಂತಿಯನ್ನು ಹರಳಿಗೇ ತಾಗಿಸದೆ, ಅದರ ಮುಂದಿನ ಮಂಡಲದಿಂದ ಸಂಕೇತವನ್ನು ತೆಗೆದುಕೊಂಡನು. ಹರಳಿಗೆ ತಂತಿ ತಾಗಿದರೆ ಅದರ ಕಂಪನವೇ ಬದಲಾಗುತ್ತದೆ. ಈಗ ಆ ಗಡಿಯಾರವು ತಿಂಗಳಿಗೆ ಐದಾರು ಸೆಕೆಂಡಿನೊಳಗೆ ನಡೆಯುತ್ತಿದೆ. ಬೆಸುಗೆಯ ವಿಷಯವಾಗಿ ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡೆನು.

ಹಳೆಯ ಮಾಪಕವನ್ನು ಮನೆಗೆ ತಂದವರು ಮೊದಲು ಈ ಒಂದು ಅಳತೆಯನ್ನು ಮಾಡಿ, ಬಂದ ಸಂಖ್ಯೆಯನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದು ಉಪಕರಣದ ಮೇಲೆ ಅಂಟಿಸಲಿ. ವರ್ಷಕ್ಕೊಮ್ಮೆ ಮತ್ತೆ ಅಳೆದು ಬರೆಯಲಿ. ತಪ್ಪು ಎಷ್ಟೆಂದು ತಿಳಿದಿರುವ ಹಳೆಯ ಮಾಪಕವು, ತಪ್ಪು ತಿಳಿಯದ ಹೊಸ ಮಾಪಕಕ್ಕಿಂತ ಹೆಚ್ಚು ಉಪಯುಕ್ತ.